ಕ್ಯಾಮೆರಾಗೆ ಗೊತ್ತಾದದ್ದು ನನಗೆ ಯಾಕೆ ಗೊತ್ತಾಗಲಿಲ್ಲ?

ಮಾನ್ಯ ಸಂಪಾದಕರೇ,

ಎಐ ಕ್ಯಾಮೆರಾ, ಸ್ಮಾರ್ಟ್ ಸಿಗ್ನಲ್, ಕನೆಕ್ಟೆಡ್ ಕಾರು ಅಂತ ವಾರಕ್ಕೊಂದು ಸುದ್ದಿಯಾದರೂ ನಿಮ್ಮ ಪತ್ರಿಕೆಯಲ್ಲಿ ಇದ್ದೇ ಇರುತ್ತದೆ. ನಾನು ಬಿಡದೆ ಓದುತ್ತೇನೆ, ಯಾಕಂದರೆ ನನ್ನ ಅನ್ನ ಹುಟ್ಟುವುದೂ ಅಲ್ಲೇ. ಮಂಡ್ಯದಲ್ಲಿ ಹದಿನೆಂಟು ವರ್ಷದಿಂದ ಗಾಡಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಮೊದಲೆಲ್ಲ ಹಾರ್ನು, ಹೆಡ್‌ಲೈಟು, ಸೆಲ್ಫ್ ಮೋಟರು. ಈಗ ರಿವರ್ಸ್ ಕ್ಯಾಮೆರಾ, ಸೆನ್ಸರು, ಟ್ಯಾಕ್ಸಿಗಳಿಗೆ ಜಿಪಿಎಸ್ ಡಬ್ಬಿ. ದೊಡ್ಡ ಇಂಜಿನಿಯರ್ ಏನಲ್ಲ, ಐಟಿಐ ಓದಿದವನು. ಆದರೂ ಈ ಸ್ಮಾರ್ಟ್ ರಸ್ತೆ ವಿಷಯದಲ್ಲಿ ಒಂದು ಮಾತು ತುಂಬಾ ದಿನದಿಂದ ಗಂಟಲಲ್ಲೇ ಕೂತಿದೆ, ಇವತ್ತು ಬರೆದೇಬಿಡೋಣ ಅಂತ ಕೂತೆ.

ಕಳೆದ ಚಳಿಗಾಲದ ಮಾತು. ಬೆಳಗ್ಗೆ ಐದೂವರೆ ಇರಬೇಕು. ಅಕ್ಕನ ಮಗನನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೊರಟಿದ್ದೆ. ಹೆದ್ದಾರಿ ಹತ್ತಿದ ಮೇಲೆ ಮಂಜು ಅಂದರೆ ಮಂಜು, ಬಾನೆಟ್ ಆಚೆ ಬಿಳಿ ಸೀರೆ ಹರವಿದ ಹಾಗೆ. 80ರಲ್ಲಿದ್ದೆ, ಆ ಮಂಜಿಗೆ ಅದೂ ಜಾಸ್ತಿಯೇ, ಒಪ್ಪಿಕೊಳ್ಳುತ್ತೇನೆ. ಹುಡುಗ ಇದ್ದಕ್ಕಿದ್ದಂತೆ "ಮಾವ, ಲಾರಿ!" ಅಂತ ಕಿರುಚಿದ. ಎಡ ಲೇನಿನಲ್ಲೇ ಕಬ್ಬಿನ ಸಿಪ್ಪೆ ತುಂಬಿದ ಲಾರಿಯೊಂದು ನಿಂತಿದೆ. ಪಾರ್ಕಿಂಗ್ ಲೈಟ್ ಇಲ್ಲ, ಹಿಂದೆ ತ್ರಿಕೋನ ಇಲ್ಲ, ಇದ್ದ ರಿಫ್ಲೆಕ್ಟರ್ ಪಟ್ಟಿಯ ಮೇಲೂ ಮಣ್ಣು. ಬ್ರೇಕ್ ಒತ್ತಿ ಬಲಕ್ಕೆ ಎಳೆದೆ. ಎಡಗಡೆ ಕನ್ನಡಿ ಲಾರಿಗೆ ತಾಗಿ ಮಡಚಿಕೊಂಡಿತು, ಅಷ್ಟೇ. ಬಲಕ್ಕೆ ಯಾರಾದರೂ ಬರುತ್ತಿದ್ದರೆ ಈ ಪತ್ರ ಬರೆಯಲು ನಾನು ಇರುತ್ತಿರಲಿಲ್ಲ.

ಸ್ವಲ್ಪ ಮುಂದೆ ಹೋಗಿ, ಕೈ ನಡುಗುವುದು ನಿಂತ ಮೇಲೆ, ಹುಡುಗ ಕೇಳಿದ: "ಮಾವ, ದಾರಿಯುದ್ದಕ್ಕೂ ಇಷ್ಟೊಂದು ಕ್ಯಾಮೆರಾ ಇದಾವಲ್ಲ, ಅದಕ್ಕೆ ಆ ಲಾರಿ ಕಂಡಿರಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ದಿನ ಬಿಟ್ಟು ಮೊಬೈಲಿಗೆ ಮೆಸೇಜ್ ಬಂತು. ಅದೇ ದಿನ, ವಾಪಸ್ ಬರುವಾಗ, ಮಂಜು ಹರಿದ ಮೇಲೆ ಎಲ್ಲೋ 100 ದಾಟಿದ್ದೆನಂತೆ, ದಂಡ ಕಟ್ಟಿ ಅಂತ. ತಪ್ಪು ನನ್ನದೇ, ಕಟ್ಟಿದೆ. ಆದರೆ ಹುಡುಗನ ಪ್ರಶ್ನೆ ಆವತ್ತಿನಿಂದ ತಲೆ ಕೊರೆಯುತ್ತಿದೆ. ನಾನು ಜೋರಾಗಿ ಹೋದದ್ದು ಕ್ಯಾಮೆರಾಗೆ ಗೊತ್ತಾಯಿತು, ಅದು ನನಗೂ ತಿಳಿಯಿತು, ಎರಡು ದಿನ ತಡವಾಗಿ. ಲಾರಿ ನಿಂತಿರುವುದು ಯಾವುದಾದರೂ ಕ್ಯಾಮೆರಾಗೆ ಗೊತ್ತಾಗಿದ್ದಿದ್ದರೆ ಅದು ನನಗೆ ಹತ್ತು ಸೆಕೆಂಡು ಮೊದಲು ತಿಳಿಯಬೇಕಿತ್ತು. ತಿಳಿಸುವ ವ್ಯವಸ್ಥೆಯೇ ಅಲ್ಲಿ ಕಾಣಲಿಲ್ಲ.

ಇಲ್ಲೇ ಎಡ್ಜ್ ಕಂಪ್ಯೂಟಿಂಗ್ ಅನ್ನುವ ಮಾತು ಬರುತ್ತದೆ. ಹೆಸರು ಕೇಳಿ ಹೆದರಬೇಕಿಲ್ಲ. ಒಲೆ ಮೇಲೆ ಹಾಲು ಉಕ್ಕುತ್ತಿದ್ದರೆ ಪಕ್ಕದಲ್ಲಿ ಇರುವವರು ಉರಿ ಸಣ್ಣ ಮಾಡಬೇಕು. ಬೆಂಗಳೂರಿನಲ್ಲಿರುವ ಮಗಳಿಗೆ ಫೋನ್ ಮಾಡಿ, ಹಾಲು ಉಕ್ಕುತ್ತಿದೆ, ಏನು ಮಾಡಲಿ ಅಂತ ಕೇಳುತ್ತಾ ಕೂತರೆ ಒಲೆಯೆಲ್ಲ ಹಾಲಾಗುತ್ತದೆ. ತಿಂಗಳಿಗೆ ಹಾಲಿನ ಲೆಕ್ಕ ಎಷ್ಟಾಯಿತು ಅನ್ನುವುದನ್ನು ಬೇಕಾದರೆ ಮಗಳೇ ನೋಡಿಕೊಳ್ಳಲಿ. ರಸ್ತೆಯಲ್ಲೂ ಅಷ್ಟೇ. ಆ ಕ್ಷಣಕ್ಕೆ ಬೇಕಾದ ತೀರ್ಮಾನ ಗಾಡಿಯೊಳಗೆ, ಇಲ್ಲವೇ ರಸ್ತೆ ಪಕ್ಕದ ಕಂಬದಲ್ಲೇ ಆಗಬೇಕು. ನಿಧಾನವಾಗಿ ನೋಡಬಹುದಾದ ಲೆಕ್ಕ ದೂರದ ಕಂಪ್ಯೂಟರಿಗೆ, ಅಂದರೆ ಕ್ಲೌಡಿಗೆ ಹೋಗಲಿ.

ಇದಕ್ಕೆ ಒಂದು ಸಣ್ಣ ಲೆಕ್ಕ. 100 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಓಡುತ್ತದೆ. ಫೈಬರ್ ಕೇಬಲ್ಲಿನ ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಆ ದೂರದ ಕಂಪ್ಯೂಟರ್ ಮುಂಬೈಯಲ್ಲಿದೆ, ಇಲ್ಲಿಂದ 1,000 ಕಿ.ಮೀ. ಅಂತ ಇಟ್ಟುಕೊಳ್ಳಿ, ಹೋಗಿ ಬರಲು ಒಂದು ಸೆಕೆಂಡಿನ ನೂರರಲ್ಲೊಂದು ಪಾಲು ಸಾಕು. ಅಷ್ಟರಲ್ಲಿ ಗಾಡಿ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ ಮುಂದೆ ಹೋಗಿರುತ್ತದೆ. ಅಯ್ಯೋ, ಇಷ್ಟೇನಾ, ಹಾಗಾದರೆ ಮುಂಬೈಯನ್ನೇ ಕೇಳೋಣ ಅನ್ನಬಹುದು. ಆದರೆ ಮಾತು ಸೀದಾ ಫೈಬರಿಗೆ ಹೋಗುವುದಿಲ್ಲವಲ್ಲ. ಮೊದಲು ಮೊಬೈಲ್ ಟವರ್ ಸಿಗಬೇಕು, ಅಲ್ಲಿ ಸರತಿ, ಆಮೇಲೆ ನಾಲ್ಕಾರು ಕಡೆ ಕೈ ಬದಲಾಗಬೇಕು, ಅಲ್ಲಿನ ಕಂಪ್ಯೂಟರ್ ಯೋಚಿಸಬೇಕು, ಉತ್ತರ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಅರ್ಧ ಸೆಕೆಂಡ್ ಹೋಯಿತು ಅಂದರೂ 14 ಮೀಟರ್, ಒಂದು ಬಸ್ಸಿಗಿಂತ ಉದ್ದ. ಹಬ್ಬದ ಹಿಂದಿನ ಸಂಜೆ, ಊರಿಗೆ ಊರೇ ಹೆದ್ದಾರಿಯಲ್ಲಿ ಇರುವಾಗ, ಮಳೆ ಹೊಡೆಯುತ್ತಿರುವಾಗ, ಯುಪಿಐ ದುಡ್ಡು ಸುತ್ತುತ್ತಲೇ ಇರುತ್ತದಲ್ಲ, ಆ ನೆಟ್‌ವರ್ಕಿನ ಮೇಲೆ ಬ್ರೇಕನ್ನು ನಂಬಿಕೊಂಡು ಕೂರಲು ಆಗುತ್ತಾ? ಒಳ್ಳೆ ದಿನ ಎಷ್ಟು ಬೇಗ ಉತ್ತರ ಬರುತ್ತದೆ ಅಂತ ಡೆಮೊ ತೋರಿಸುತ್ತಾರೆ. ಜನ ಸಾಯುವುದು ಕೆಟ್ಟ ದಿನ.

ಗಾಡಿ ತಯಾರಿಸುವವರಿಗೆ ಇದು ಮೊದಲಿನಿಂದಲೂ ಗೊತ್ತು. ಏರ್‌ಬ್ಯಾಗ್ ಬಿಚ್ಚಿ ನೋಡಿದವರಿಗೆ ಹೇಳಬೇಕಾಗಿಲ್ಲ. ಗೇರ್ ಲಿವರ್ ಹತ್ತಿರ, ಕಾರ್ಪೆಟ್ ಕೆಳಗೆ, ಅಂಗೈಯಗಲದ ಒಂದು ಡಬ್ಬಿ ಸಾಮಾನ್ಯವಾಗಿ ಇರುತ್ತದೆ. ಗುದ್ದಿದ್ದು ನಿಜವಾ, ಸುಮ್ನೆ ಹಳ್ಳಕ್ಕೆ ಇಳಿದದ್ದಾ ಅಂತ ಅದೇ ತೀರ್ಮಾನ ಮಾಡುತ್ತದೆ, ಕಣ್ಣು ಮಿಟುಕಿಸುವುದರೊಳಗೆ ಚೀಲ ಉಬ್ಬಿಸುತ್ತದೆ. ಗುದ್ದಿದಾಗ ಬ್ಯಾಟರಿ ವೈರ್ ಕಿತ್ತುಹೋದರೂ ಕೆಲಸ ನಿಲ್ಲಬಾರದು ಅಂತ ಒಳಗೇ ಒಂದಿಷ್ಟು ಕರೆಂಟ್ ಹಿಡಿದಿಟ್ಟುಕೊಂಡಿರುತ್ತದೆ. 2019ರ ಜುಲೈ 1ರಿಂದ ಡ್ರೈವರ್ ಕಡೆ ಏರ್‌ಬ್ಯಾಗ್ ಕಡ್ಡಾಯವಾಯಿತು. ಎಬಿಎಸ್ ಕೂಡ ಹಾಗೇ, ಯಾವ ಚಕ್ರ ಜಾರುತ್ತಿದೆ ಅಂತ ತಾನೇ ನೋಡಿ ತಾನೇ ಬ್ರೇಕ್ ಹಿಡಿದು ಬಿಡುತ್ತದೆ. ಎಡ್ಜ್ ಅನ್ನುವ ಪದ ಬರುವುದಕ್ಕೆ ಮೊದಲೇ ಎಡ್ಜ್ ನಮ್ಮ ಕಾಲ ಕೆಳಗೇ ಇತ್ತು. ಹೊಸದು ಏನು ಅಂದರೆ, ಈ ಜಾಣತನ ಒಂದು ಗಾಡಿಯಿಂದ ಇನ್ನೊಂದಕ್ಕೆ, ರಸ್ತೆಯಿಂದ ಗಾಡಿಗೆ ದಾಟಬೇಕು ಅನ್ನುವುದು.

ಅದೂ ಕನಸೇನಲ್ಲ. ಯುರೋಪಿನಲ್ಲಿ 2019ರ ಕೊನೆಗೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಎಂಟನೇ ತಲೆಮಾರಿನ ಕಾರು, ಸುಮಾರು 800 ಮೀಟರ್ ದೂರದೊಳಗೆ ಇರುವ ಅಂಥದ್ದೇ ವ್ಯವಸ್ಥೆಯ ಗಾಡಿಗಳ ಜೊತೆ ನೇರವಾಗಿ ರೇಡಿಯೊದಲ್ಲಿ ಮಾತಾಡುತ್ತದೆ. ಮುಂದೆ ಗಾಡಿ ಕೆಟ್ಟು ನಿಂತಿದೆ ಅಂದರೆ ಹಿಂದಿನವನ ಡ್ಯಾಶ್‌ಬೋರ್ಡಿನಲ್ಲಿ ಸೂಚನೆ ಬರುತ್ತದೆ, ನಡುವೆ ಮೊಬೈಲ್ ಟವರೂ ಬೇಡ, ಕ್ಲೌಡೂ ಬೇಡ. ಅದು ನಮ್ಮಲ್ಲಿ ಬಂದರೆ ಸಂತೋಷ. ಆದರೆ ನಾನು ನೋಡುವ ಗಾಡಿಗಳಲ್ಲಿ ಅರ್ಧಕ್ಕೆ ಹತ್ತು ವರ್ಷ ದಾಟಿದೆ. ಆ ಕಬ್ಬಿನ ಸಿಪ್ಪೆ ಲಾರಿಗೆ ಹಿಂದಿನ ಲೈಟೇ ಉರಿಯುತ್ತಿರಲಿಲ್ಲ, ಅದು ರೇಡಿಯೊದಲ್ಲಿ ಏನು ಮಾತಾಡೀತು?

ಹಾಗಾಗಿ ನಮ್ಮಲ್ಲಿ ಜಾಣತನ ಮೊದಲು ಬರಬೇಕಾದ್ದು ಕಂಬಕ್ಕೆ, ಆಮೇಲೆ ಕಾರಿಗೆ. ಕ್ಯಾಮೆರಾ ಇರುವ ಕಂಬದಲ್ಲೇ ಒಂದು ಪುಟ್ಟ ಕಂಪ್ಯೂಟರ್. ಮಂಜಿನಲ್ಲಿ ಕ್ಯಾಮೆರಾಗೂ ಕಣ್ಣು ಮಂಜಾಗುತ್ತದೆ, ಅದಕ್ಕೆ ಜೊತೆಯಲ್ಲೊಂದು ರಾಡಾರ್ ಇರಬೇಕು, ರಾಡಾರಿಗೆ ಮಂಜಿನ ತೊಂದರೆ ಅಷ್ಟಿಲ್ಲ. ಲೇನಿನಲ್ಲಿ ಏನೋ ನಿಂತಿದೆ, ಹತ್ತು ಸೆಕೆಂಡಾದರೂ ಅಲ್ಲಾಡಿಲ್ಲ ಅಂತ ಗೊತ್ತಾದ ಕೂಡಲೇ ಅರ್ಧ ಕಿಲೋಮೀಟರ್ ಹಿಂದಿನ ಕಂಬಕ್ಕೆ ಸೂಚನೆ ಹೋಗಬೇಕು, ಅಲ್ಲಿ ಹಳದಿ ಲೈಟ್ ಮಿನುಗಬೇಕು. ಅಷ್ಟೇ ಸ್ವಾಮಿ. ಹೊಸ ಕಾರು ಬೇಡ, ಆ್ಯಪ್ ಬೇಡ, ಓದು ಬರಹವೂ ಬೇಡ. 1995ರ ಅಂಬಾಸಿಡರ್ ಓಡಿಸುವವನಿಗೂ ಹಳದಿ ಲೈಟ್ ಅರ್ಥವಾಗುತ್ತದೆ. ಕಂಟ್ರೋಲ್ ರೂಮಿಗೂ ಸುದ್ದಿ ಹೋಗಲಿ, ಕ್ರೇನ್ ಕಳಿಸುವವರು ಅವರೇ ತಾನೇ. ಆದರೆ ಮೊದಲ ಸುದ್ದಿ ಹಿಂದಿನಿಂದ ಬರುತ್ತಿರುವವನಿಗೆ.

ಇಂಥದ್ದನ್ನು ನಮ್ಮ ದೇಶದಲ್ಲೇ ಒಮ್ಮೆ ಮಾಡಿ ತೋರಿಸಿದ್ದಾರೆ. 2017ರಲ್ಲಿ ಜಮ್ಮು–ಶ್ರೀನಗರ ಹೆದ್ದಾರಿಯ ಕುರುಡು ತಿರುವುಗಳಲ್ಲಿ ಎರಡೂ ಕಡೆ ಒಂದೊಂದು ಕಂಬ ನಿಲ್ಲಿಸಿದ್ದರು. ಒಂದು ಕಡೆಯಿಂದ ಗಾಡಿ ಬಂದರೆ ಅದರ ವೇಗ ನೋಡಿ ಕಂಬ ಕಂಬಕ್ಕೆ ತಿಳಿಸುತ್ತಿತ್ತು, ಇನ್ನೊಂದು ಕಡೆಯ ಕಂಬ ಹಾರ್ನ್ ಹೊಡೆಯುತ್ತಿತ್ತು. ಚಾರ್ಮಾಡಿ, ಆಗುಂಬೆ ತಿರುವುಗಳಲ್ಲಿ ಮಳೆಗಾಲದಲ್ಲಿ ಗಾಡಿ ಓಡಿಸಿದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಅಲ್ಲಿ ಎಷ್ಟೋ ಕಡೆ ಫೋನಿಗೆ ಸಿಗ್ನಲ್ಲೇ ಇಲ್ಲ, ಕ್ಲೌಡ್ ಅಂದರೆ ತಲೆ ಮೇಲಿನ ಮೋಡ ಒಂದೇ. ಕಾಡಿನ ನಡುವೆ ರಾತ್ರಿಯೆಲ್ಲ ಹಾರ್ನ್ ಬೇಡ, ಪ್ರಾಣಿಗಳಿಗೆ ತೊಂದರೆ, ಅದು ಬೇರೆ ಮಾತು. ಅಲ್ಲಿಗೂ ಹಳದಿ ಲೈಟೇ ಸರಿ.

ರೈಲಿನವರನ್ನು ನೋಡಿ. ರೈಲುಗಳು ಡಿಕ್ಕಿಯಾಗದಂತೆ ತಡೆಯುವ ಕವಚ್ ಅಂತ ವ್ಯವಸ್ಥೆ ಇದೆಯಲ್ಲ, ಅದರ ಮೊದಲ ಪರೀಕ್ಷೆಗಳು ನಡೆದ ಮಾರ್ಗದಲ್ಲಿ ನಮ್ಮ ವಾಡಿ, ಬೀದರ್ ಕೂಡ ಇದ್ದವು. ಹಳಿಯ ನಡುವೆ, ಸ್ಲೀಪರ್ ಮೇಲೆ ರೇಡಿಯೊದಲ್ಲಿ ಓದಬಹುದಾದ ಪುಟ್ಟ ಆರ್‌ಎಫ್‌ಐಡಿ ತುಂಡುಗಳು. ಇಂಜಿನ್ ಅವುಗಳ ಮೇಲೆ ಹಾದುಹೋಗುವಾಗ ತಾನು ಎಲ್ಲಿದ್ದೇನೆ ಅಂತ ಓದಿಕೊಳ್ಳುತ್ತದೆ. ಮುಂದಿನ ಸಿಗ್ನಲ್ ಏನಿದೆ ಅಂತ ಹತ್ತಿರದ ನಿಲ್ದಾಣದ ಪೆಟ್ಟಿಗೆ ರೇಡಿಯೊದಲ್ಲಿ ಹೇಳುತ್ತದೆ. ಲೋಕೊ ಪೈಲಟ್ ಬ್ರೇಕ್ ಹಾಕದಿದ್ದರೆ ಇಂಜಿನ್ನಿನಲ್ಲಿರುವ ಕಂಪ್ಯೂಟರೇ ಹಾಕುತ್ತದೆ. 2022ರ ಮಾರ್ಚ್ 4ರಂದು ಸಿಕಂದರಾಬಾದ್ ಹತ್ತಿರ ರೈಲ್ವೆ ಸಚಿವ ಅಶ್ವಿನಿ ವೈಷ್ಣವ್ ತಾವೇ ಇಂಜಿನ್ನಿನಲ್ಲಿ ಕೂತು ಎದುರಿನ ಇಂಜಿನ್ ಕಡೆ ಹೊರಟಿದ್ದರು, 380 ಮೀಟರ್ ದೂರದಲ್ಲೇ ರೈಲು ತಾನಾಗಿ ನಿಂತಿತು. ಆ ಹೊತ್ತಿನಲ್ಲಿ ಯಾರೂ ದಿಲ್ಲಿಗೆ ಫೋನ್ ಮಾಡಲಿಲ್ಲ. ಹಳಿಯ ಮೇಲೆ ಆದದ್ದು ಡಾಂಬರಿನ ಮೇಲೆ ಅಷ್ಟು ಸುಲಭ ಅಲ್ಲ, ಗೊತ್ತು. ಹಳಿಗೆ ಎಮ್ಮೆ ಬಂದರೆ ಅಪರೂಪ, ನಮ್ಮ ರಸ್ತೆಗೆ ಬರದಿದ್ದರೆ ಅಪರೂಪ. ಆದರೆ ತೀರ್ಮಾನ ಎಲ್ಲಿ ಆಗಬೇಕು ಅನ್ನುವುದರಲ್ಲಿ ಅವರಿಗೆ ಗೊಂದಲ ಇಲ್ಲ.

ಬೆಂಗಳೂರಿನ ಕಡೆ ಬನ್ನಿ. 2022ರ ಡಿಸೆಂಬರ್‌ನಲ್ಲಿ 50 ಜಂಕ್ಷನ್‌ಗಳಲ್ಲಿ ಸ್ಮಾರ್ಟ್ ಕ್ಯಾಮೆರಾ ಶುರುವಾಯಿತು, ನಂಬರ್ ಪ್ಲೇಟ್ ಓದುವವು 250, ಕೆಂಪು ದೀಪ ಹಾರಿದ್ದನ್ನು ಹಿಡಿಯುವವು 80. ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ಕ್ಯಾಮೆರಾದ ವಿಡಿಯೊ ಸೆಕೆಂಡಿಗೆ 4 ಮೆಗಾಬಿಟ್ ಅಂದುಕೊಂಡರೆ ದಿನಕ್ಕೆ 43 ಜಿಬಿ. ಇಂಥ 330 ಕ್ಯಾಮೆರಾಗಳೂ ಎಲ್ಲ ವಿಡಿಯೊವನ್ನೂ ಕಳಿಸುತ್ತಾ ಕೂತರೆ ದಿನಕ್ಕೆ 14 ಸಾವಿರ ಜಿಬಿ ದಾಟುತ್ತದೆ. ಅದರ ಬದಲು ಕಂಬದಲ್ಲೇ ನೋಡಿ, ಈ ಕಡೆ 40 ಬೈಕು, 12 ಕಾರು, 1 ಬಸ್ಸು ಅಂತ ಒಂದು ಸಾಲು ಕಳಿಸಿದರೆ ಸಿಗ್ನಲ್ ನಡೆಸಲು ಸಾಕು. ಇನ್ನೊಂದು ಲಾಭವೂ ಇದೆ. ನಾನು ಯಾವ ಹೊತ್ತಿಗೆ ಯಾರ ಜೊತೆ ಎಲ್ಲಿ ಹೋಗುತ್ತಿದ್ದೆ ಅನ್ನುವ ಚಿತ್ರ ಯಾರದೋ ಸರ್ವರಿನಲ್ಲಿ ಸುಮ್ನೆ ಬಿದ್ದಿರುವುದಿಲ್ಲ. ತಪ್ಪು ಮಾಡಿದವನ ಚಿತ್ರ ಇಟ್ಟುಕೊಳ್ಳಿ, ಉಳಿದವರದ್ದು ಕಂಬದಲ್ಲೇ ಅಳಿಸಿಹೋಗಲಿ.

ಸಿಗ್ನಲ್‌ಗಳಲ್ಲಿ ಈ ಬುದ್ಧಿ ಈಗಾಗಲೇ ಸ್ವಲ್ಪ ಬಂದಿದೆ, ಹೊಗಳಬೇಕಾದ್ದನ್ನು ಹೊಗಳಲೇಬೇಕು. ಕೇಂದ್ರ ಸರ್ಕಾರದ ಸಂಸ್ಥೆ ಸಿ-ಡ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿ ಬೆಂಗಳೂರಿನ ಜಂಕ್ಷನ್‌ಗಳಲ್ಲಿ ಗಾಡಿ ಎಷ್ಟಿದೆ ನೋಡಿ ಹಸಿರು ಕೊಡುವ ಕೆಲಸ 2024ರಿಂದ ನಡೆಯುತ್ತಿದೆ. ಖಾಲಿ ರಸ್ತೆಗೆ 90 ಸೆಕೆಂಡ್ ಹಸಿರು ಬಿಟ್ಟು ಈ ಕಡೆ ನಾವು ಇಂಜಿನ್ ಆಫ್ ಮಾಡಿ ಪೇಪರ್ ಓದುವುದು ಅಷ್ಟರಮಟ್ಟಿಗೆ ಕಡಿಮೆಯಾದರೆ ಒಳ್ಳೆಯದೇ.

ಆದರೆ ಹತ್ತಿರದಲ್ಲಿ ತೀರ್ಮಾನ ಅಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಅಂತಲ್ಲ. ಒಂದು ಸಲ ಒಂದು ಟೋಲ್‌ನಲ್ಲಿ ನನ್ನ ಫಾಸ್ಟ್ಯಾಗ್ ಬ್ಲ್ಯಾಕ್‌ಲಿಸ್ಟ್ ಅಂತ ಬಂತು. ಐದೇ ನಿಮಿಷದ ಮೊದಲು ಟೀ ಅಂಗಡಿಯಲ್ಲಿ ನಿಂತು ರೀಚಾರ್ಜ್ ಮಾಡಿದ್ದೆ, ಫೋನಿನಲ್ಲಿ ದುಡ್ಡು ಕಾಣುತ್ತಿದೆ, ಗೇಟು ಮಾತ್ರ ಏಳುತ್ತಿಲ್ಲ. ಹಿಂದೆ ಹಾರ್ನ್ ಮೇಲೆ ಹಾರ್ನ್. ಬೂತಿನಲ್ಲಿದ್ದ ಹುಡುಗಿ, "ಅಣ್ಣ, ನಮ್ಮ ಲಿಸ್ಟಲ್ಲಿ ಇನ್ನೂ ಬಂದಿಲ್ಲ, ನಾನೇನು ಮಾಡ್ಲಿ" ಅಂದಳು. ಎರಡರಷ್ಟು ಕಟ್ಟಿ ಬಂದೆ. ಅವಳ ತಪ್ಪಲ್ಲ. ಟೋಲ್ ಲೇನಿನ ಕಂಪ್ಯೂಟರ್ ಪ್ರತಿ ಗಾಡಿಗೂ ಬ್ಯಾಂಕನ್ನು ಕೇಳುತ್ತಾ ನಿಂತರೆ ಸಾಲು ಕಿಲೋಮೀಟರ್ ಬೆಳೆಯುತ್ತದೆ, ಅದಕ್ಕೇ ಕೆಲವು ಕಡೆ ಕೆಟ್ಟ ಟ್ಯಾಗ್‌ಗಳ ಪಟ್ಟಿಯನ್ನು ಹತ್ತಿರವೇ ಇಟ್ಟುಕೊಂಡು ನೋಡುತ್ತದೆ. ಪಟ್ಟಿ ಹಳೆಯದಾದರೆ ಕಷ್ಟ ನನ್ನಂಥವನಿಗೆ. 2025ರ ಫೆಬ್ರವರಿ 17ರಿಂದ ಇದಕ್ಕೆ 60 ನಿಮಿಷ, 10 ನಿಮಿಷ ಅಂತ ನಿಯಮ ಬಂದಿದೆ. ಟೋಲ್ ಮುಟ್ಟುವುದಕ್ಕೆ ಒಂದು ಗಂಟೆಗೂ ಮೊದಲಿನಿಂದ ಟ್ಯಾಗ್ ಬ್ಲ್ಯಾಕ್‌ಲಿಸ್ಟಿನಲ್ಲಿದ್ದು, ಟೋಲ್ ದಾಟಿ ಹತ್ತು ನಿಮಿಷವಾದರೂ ಸರಿಯಾಗದಿದ್ದರೆ ಮಾತ್ರ ತಿರಸ್ಕಾರ. ಅಂದರೆ ಹತ್ತಿರದ ಕಂಪ್ಯೂಟರಿಗೆ ವೇಗ ಇದೆ, ಆದರೆ ಅದರ ಸುದ್ದಿ ಹಳಸಬಹುದು. ಯಾವ ಸುದ್ದಿ ಎಷ್ಟು ಹೊತ್ತು ಹಳಸಿದರೂ ನಡೆಯುತ್ತದೆ ಅಂತ ಮೊದಲೇ ಬರೆದಿಡಬೇಕು. ಟ್ಯಾಗ್ ಪಟ್ಟಿ ಹತ್ತು ನಿಮಿಷ ಹಳೆಯದಾದರೆ ಜೇಬಿಗೆ ಪೆಟ್ಟು. ನಿಂತ ಲಾರಿಯ ಸುದ್ದಿ ಹತ್ತು ಸೆಕೆಂಡ್ ಹಳೆಯದಾದರೆ ಮೂಳೆಗೆ.

ಇನ್ನು ನಾನೇ ಕೂರಿಸುವ ಡಬ್ಬಿಯ ವಿಷಯ. 2019ರ ಜನವರಿ 1ರಿಂದ ಹೊಸ ಟ್ಯಾಕ್ಸಿ, ಬಸ್ಸುಗಳಿಗೆ ಎಐಎಸ್-140 ಅನ್ನುವ ಸರ್ಕಾರಿ ಮಾನದಂಡದ ಜಿಪಿಎಸ್ ಮತ್ತು ಪ್ಯಾನಿಕ್ ಬಟನ್ ಕಡ್ಡಾಯ. ಡ್ಯಾಶ್‌ಬೋರ್ಡ್ ಒಳಗೆ ಸಿಗರೇಟ್ ಪ್ಯಾಕಿಗಿಂತ ಸ್ವಲ್ಪ ದೊಡ್ಡ ಡಬ್ಬಿ. ಮೂರು ಮುಖ್ಯ ವೈರು: ಬ್ಯಾಟರಿ, ಇಗ್ನಿಷನ್, ಅರ್ತ್. ಹಿಂದಿನ ಸೀಟಿನ ಹತ್ತಿರ ಕೆಂಪು ಬಟನ್. ನೆಟ್‌ವರ್ಕ್ ಹೋದರೆ ಗಾಡಿ ಓಡಾಡಿದ್ದನ್ನು ಒಳಗೇ ಬರೆದಿಟ್ಟುಕೊಂಡು ಆಮೇಲೆ ಕಳಿಸುತ್ತದೆ, ವೈರ್ ಕಿತ್ತರೂ ಒಳಗಿನ ಬ್ಯಾಟರಿಯಲ್ಲಿ ಕೆಲವು ಗಂಟೆ ಬದುಕುತ್ತದೆ. ಒಳ್ಳೆ ಡಬ್ಬಿ, ನಿಜ. ಆದರೆ ಅದು ಬರೀ ಚಾಡಿ ಹೇಳುವ ಡಬ್ಬಿ. ಚಾಲಕ ಎಲ್ಲಿದ್ದಾನೆ, ಎಷ್ಟು ಜೋರು ಹೋದ ಅಂತ ದೂರಕ್ಕೆ ಹೇಳುತ್ತದೆ, ಮುಂದೆ ಏನಿದೆ ಅಂತ ಚಾಲಕನಿಗೆ ಒಂದು ಬೀಪ್ ಕೂಡ ಕೊಡುವುದಿಲ್ಲ. ಅದಕ್ಕೇ ನೋಡಿ, ಫಿಟ್‌ನೆಸ್ ಮುಗಿಸಿ ಬಂದ ಎಷ್ಟೋ ಗಾಡಿಗಳಲ್ಲಿ ಕೆಂಪು ಬಟನ್ ಮೇಲೆ ಹೊಸ ಸೀಟ್ ಕವರ್ ಎಳೆದಿರುತ್ತಾರೆ. ತನಗೆ ಉಪಯೋಗ ಇಲ್ಲದ್ದನ್ನು ಯಾರು ಜೋಪಾನ ಮಾಡುತ್ತಾರೆ ಹೇಳಿ? ಅದೇ ಡಬ್ಬಿಗೆ ಒಂದು ಬಜರ್ ಕೊಟ್ಟು, ಕಂಬದಿಂದ ಬರುವ ಸೂಚನೆ ಕೇಳುವ ಶಕ್ತಿ ಕೊಟ್ಟು ನೋಡಿ, ಡ್ರೈವರ್‌ಗಳು ತಾವೇ ಬಂದು "ಅಣ್ಣ, ಡಬ್ಬಿ ಕೆಟ್ಟಿದೆ, ಸರಿ ಮಾಡಿಕೊಡಿ" ಅನ್ನುತ್ತಾರೆ.

ಕೊನೆಗೆ ಯಾರೂ ಮಾತಾಡದ ವಿಷಯ, ರಿಪೇರಿ. ಎಸಿ ರೂಮಿನ ಸರ್ವರಿಗೆ ನೂರು ಜನ ಕಾವಲು. ರಸ್ತೆ ಪಕ್ಕದ ಪೆಟ್ಟಿಗೆಗೆ ಯಾರು? ಏಪ್ರಿಲ್ ಬಿಸಿಲಿಗೆ ಕಬ್ಬಿಣದ ಪೆಟ್ಟಿಗೆ ಮುಟ್ಟಿದರೆ ಕೈ ಸುಡುತ್ತದೆ, ಒಳಗಿನ ಫ್ಯಾನಿಗೆ ಧೂಳು ಕಟ್ಟಿಕೊಳ್ಳುತ್ತದೆ, ಇಲಿ ವೈರ್ ಕಡಿಯುತ್ತದೆ, ಹಲ್ಲಿ ಕಾಂಟ್ಯಾಕ್ಟಿಗೆ ಸಿಕ್ಕಿ ಸತ್ತು ಫ್ಯೂಸ್ ಹೋಗುತ್ತದೆ, ಜೆಸಿಬಿ ಬಂದು ಕೇಬಲ್ ಎತ್ತಿಹಾಕುತ್ತದೆ, ಬ್ಯಾಟರಿ ರಾತ್ರೋರಾತ್ರಿ ಗುಜರಿಗೆ ಹೋಗುತ್ತದೆ. ಟೆಂಡರ್ ಬರೆಯುವವರು ಎಷ್ಟು ಕ್ಯಾಮೆರಾ ಅಂತ ಬರೆದ ಹಾಗೆ ಇದನ್ನೂ ಬರೆಯಲಿ: ಲಿಂಕ್ ಕಡಿದರೆ ಆ ಪೆಟ್ಟಿಗೆ ಒಂಟಿಯಾಗಿ ಎಷ್ಟು ದಿನ ಕೆಲಸ ಮಾಡಬೇಕು, ಕೆಟ್ಟರೆ ಎಷ್ಟು ಗಂಟೆಯಲ್ಲಿ ಸರಿ ಮಾಡಬೇಕು, ಕೆಟ್ಟಿದೆ ಅಂತ ರಸ್ತೆಯಲ್ಲಿ ಹೋಗುವವನಿಗೆ ಹೇಗೆ ತಿಳಿಯಬೇಕು. ಉರಿಯಬೇಕಾದ ಲೈಟ್ ಉರಿಯದೆ ಇದ್ದರೆ ಮುಂದೆ ದಾರಿ ಖಾಲಿ ಅಂತ ಜನ ನಂಬುತ್ತಾರೆ. ಲೈಟೇ ಇಲ್ಲದಿರುವುದಕ್ಕಿಂತ ಅದು ಅಪಾಯ. ರಿಪೇರಿ ಕೆಲಸವನ್ನು ಆಯಾ ತಾಲ್ಲೂಕಿನ ಐಟಿಐ ಹುಡುಗರಿಗೆ ತರಬೇತಿ ಕೊಟ್ಟು ವಹಿಸಲಿ. ಬೆಂಗಳೂರಿನಿಂದ ಇಂಜಿನಿಯರ್ ಬರಬೇಕು ಅಂದರೆ ಸೋಮವಾರ ಕೆಟ್ಟದ್ದು ಶುಕ್ರವಾರ ಸರಿಹೋಗುತ್ತದೆ.

ಇವನು ಬರೀ ಮಾತಾಡುತ್ತಾನೆ ಅನ್ನಬೇಡಿ. ನಮ್ಮ ಗ್ಯಾರೇಜು ತಿರುವಿನಲ್ಲಿದೆ, ಗಾಡಿ ರಿವರ್ಸ್ ತೆಗೆಯುವಾಗ ರಸ್ತೆಯವರಿಗೆ ಕಾಣುವುದಿಲ್ಲ. ಆ ಮಂಜಿನ ದಿನ ಆದಮೇಲೆ ನಾನೂ ನನ್ನ ಕೈಕೆಳಗಿನ ಹುಡುಗನೂ ಸೇರಿ ಗೇಟಿಗೆ ಒಂದು ಪುಟ್ಟ ರಾಡಾರ್ ಸೆನ್ಸರ್, ತಿರುವಿನ ಆಚೆ ಹಳೆ ಲಾರಿಯ ಹಳದಿ ಇಂಡಿಕೇಟರ್, ನಡುವೆ ಒಂದು ಸಣ್ಣ ಬೋರ್ಡು, ಬೈಕಿನ ಬ್ಯಾಟರಿ ಇಷ್ಟು ಇಟ್ಟು ಕಟ್ಟಿದ್ದೇವೆ. ಇಂಟರ್ನೆಟ್ ಇಲ್ಲ, ಸಿಮ್ ಇಲ್ಲ. ಗೇಟಿನಿಂದ ಗಾಡಿ ಹೊರಬಂದರೆ ಆಚೆ ಲೈಟ್ ಮಿನುಗುತ್ತದೆ, ಬರುವವರು ನಿಧಾನ ಮಾಡುತ್ತಾರೆ. ಯಾರಾದರೂ ಅಧಿಕಾರಿಗಳು ನೋಡಬೇಕು ಅಂದರೆ ಬರಲಿ, ಟೀ ನಮ್ಮದೇ. ಒಂದೇ ತೊಂದರೆ, ಬೀದಿನಾಯಿ ಬಂದರೂ ಲೈಟ್ ಹೊಡೆದುಬಿಡುತ್ತೆ, ಅದನ್ನಿನ್ನೂ ಸರಿ ಮಾಡಬೇಕು.

ಇಂತಿ ನಿಮ್ಮ ಓದುಗ,
ಒಬ್ಬ ಆಟೊ ಎಲೆಕ್ಟ್ರಿಷಿಯನ್, ಮಂಡ್ಯ